ಅಣು ವಿದ್ಯುತ್ ಸ್ಥಾವರದ ಕಟ್ಟಡ ಕಾಮಗಾರಿ ಮತ್ತು ಎಇಆರ್‌ಬಿ ತಪಾಸಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರ ಕನ್ನಡದ ಕೈಗಾದಲ್ಲಿ 220 ಮೆಗಾವಾಟ್‌ನ ನಾಲ್ಕು ಘಟಕಗಳಿವೆ. 5 ಮತ್ತು 6ನೇ ಘಟಕಗಳು ತಲಾ 700 ಮೆಗಾವಾಟ್‌ನವು. ಸೈಟ್‌ಗೆ ಹೊಸದಾಗಿ ಸೇರುವ ಎಂಜಿನಿಯರ್‌ಗಳು, ಗುತ್ತಿಗೆದಾರರ ಕಡೆಯವರು, ಸುತ್ತಲ ಊರಿನ ಆಸಕ್ತರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ. ಉದಾಹರಣೆಗಳು ಹೆಚ್ಚಾಗಿ ಭಾರತದ ಭಾರಜಲ ರಿಯಾಕ್ಟರ್‌ಗಳಿಗೆ ಸಂಬಂಧಿಸಿದವು.

ಇಂಧನವೇ ಬಂದಿಲ್ಲ, ವಿಕಿರಣವೂ ಇಲ್ಲ. ಈಗಲೇ ಸುರಕ್ಷತಾ ತಪಾಸಣೆ ಯಾಕೆ?

ಮುಂದೆ ನೋಡಲು ಸಿಗುವುದಿಲ್ಲ, ಅದಕ್ಕೆ. ರಿಯಾಕ್ಟರ್ ಕಟ್ಟಡದ ಅಡಿಪಾಯದ ರಾಫ್ಟ್‌ನಲ್ಲಿ ಸರಳು ಎಲ್ಲಿದೆ, ಎಷ್ಟು ಲ್ಯಾಪ್ (ಒಂದರ ಮೇಲೊಂದು ಸರಳು ಹಾಯುವ ಉದ್ದ) ಕೊಟ್ಟಿದ್ದಾರೆ ಎಂಬುದನ್ನು ಕಾಂಕ್ರೀಟ್ ಸುರಿಯುವ ಮುಂಚಿನ ಕೆಲವು ಗಂಟೆ ಮಾತ್ರ ಕಣ್ಣಾರೆ ನೋಡಬಹುದು. ಆಮೇಲೆ ನಲವತ್ತು, ಅರವತ್ತು ವರ್ಷ ಕೈಯಲ್ಲಿ ಉಳಿಯುವುದು ಕಾಗದ ಮಾತ್ರ. ಇಂಧನ ತುಂಬಿ ಓಡಿಸಿದ ಮೇಲೆ ಎಷ್ಟೋ ಜಾಗಗಳಿಗೆ ಮನುಷ್ಯರು ಹೋಗುವಂತೆಯೇ ಇಲ್ಲ.

ಎಇಆರ್‌ಬಿ ಅಂದರೆ ಯಾರು? ಅದು ಎನ್‌ಪಿಸಿಐಎಲ್‌ನ ಒಂದು ವಿಭಾಗವೇ?

ಅಲ್ಲ. ಎನ್‌ಪಿಸಿಐಎಲ್ ಸ್ಥಾವರ ಕಟ್ಟಿ ನಡೆಸುವ ಸಾರ್ವಜನಿಕ ಉದ್ಯಮ. ಎಇಆರ್‌ಬಿ, ಅಂದರೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಅನುಮತಿ ಕೊಡುವ ಮತ್ತು ತಪಾಸಣೆ ಮಾಡುವ ಸಂಸ್ಥೆ. 1962ರ ಪರಮಾಣು ಶಕ್ತಿ ಕಾಯ್ದೆಯಡಿ 1983ರ ನವೆಂಬರ್ 15ರಂದು ರಚನೆಯಾಯಿತು, ಕಚೇರಿ ಮುಂಬೈನ ಅಣುಶಕ್ತಿ ನಗರದಲ್ಲಿದೆ. ಅದರ ಸ್ವಾತಂತ್ರ್ಯದ ಬಗ್ಗೆ ಪ್ರಶ್ನೆಗಳು ಹಿಂದಿನಿಂದಲೂ ಇವೆ. ತನಗೇ ಮೀಸಲಾದ ಕಾಯ್ದೆಯಿಂದಲ್ಲದೆ, 1962ರ ಕಾಯ್ದೆಯಡಿಯ ಸರ್ಕಾರಿ ಆದೇಶದಿಂದ ಹುಟ್ಟಿದ ಮಂಡಳಿ ಎಂಬ ಆಕ್ಷೇಪವನ್ನು 2012ರಲ್ಲಿ ಮಹಾಲೇಖಪಾಲರ ವರದಿಯೂ ಎತ್ತಿತ್ತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿದ ಹೊಸ ಕಾಯ್ದೆ ಮಂಡಳಿಗೆ ಶಾಸನದ ಬಲ ಕೊಡುತ್ತದೆ.

ಒಮ್ಮೆ ಅನುಮತಿ ಸಿಕ್ಕರೆ ಕಟ್ಟಿ ಮುಗಿಸಬಹುದೇ?

ಆಗುವುದಿಲ್ಲ. ಮೊದಲು ಜಾಗಕ್ಕೆ ಒಪ್ಪಿಗೆ ಬೇಕು. ನಿರ್ಮಾಣದಲ್ಲಿ ಮೂರು ಮೆಟ್ಟಿಲು: ಅಡಿಪಾಯಕ್ಕೆ ನೆಲ ಅಗೆಯುವುದು, ಮೊದಲ ಕಾಂಕ್ರೀಟ್ ಸುರಿಯುವುದು, ದೊಡ್ಡ ಸಲಕರಣೆಗಳನ್ನು ಕೂರಿಸುವುದು. ಆಮೇಲೆ ಕಮಿಷನಿಂಗ್‌ಗೆ (ಪರೀಕ್ಷಿಸಿ ಚಾಲೂ ಮಾಡಲು) ಬೇರೆ, ಓಡಿಸಲು ಬೇರೆ ಒಪ್ಪಿಗೆ. ಒಂದು ಮೆಟ್ಟಿಲಲ್ಲಿ ಬಾಕಿ ಉಳಿದ ಆಕ್ಷೇಪಗಳಿಗೆ ಉತ್ತರ ಕೊಡದೆ ಮುಂದಿನದಕ್ಕೆ ಹೋಗುವುದು ಕಷ್ಟ. ತಪಾಸಕರ ನಿಜವಾದ ಹಿಡಿತ ಇರುವುದೂ ಇಲ್ಲೇ. ದಂಡಕ್ಕಿಂತ ಮುಂದಿನ ಒಪ್ಪಿಗೆ ತಡವಾಗುತ್ತದೆ ಎಂಬ ಭಯ ಹೆಚ್ಚು ಕೆಲಸ ಮಾಡುತ್ತದೆ.

ಪ್ರತಿಯೊಂದು ಕಾಂಕ್ರೀಟ್ ಪೋರ್‌ಗೂ (ಒಂದು ಸಲದ ಸುರಿಯುವ ಕೆಲಸ) ಎಇಆರ್‌ಬಿಯವರು ಬಂದು ನಿಲ್ಲುತ್ತಾರೆಯೇ?

ಇಲ್ಲ, ನಿಲ್ಲಬೇಕೆಂದು ಬಯಸುವುದೂ ಸರಿಯಲ್ಲ. ಗುಣಮಟ್ಟದ ಹೊಣೆ ಪೂರ್ತಿಯಾಗಿ ಸ್ಥಾವರದ ಮಾಲೀಕರದು. ಮೊದಲ ಪರಿಶೀಲನೆ ಗುತ್ತಿಗೆದಾರರ ಕ್ಯೂಸಿ (ಗುಣಮಟ್ಟ ನಿಯಂತ್ರಣ) ತಂಡದ್ದು, ಅದರ ಮೇಲೆ ಎನ್‌ಪಿಸಿಐಎಲ್‌ನ ಫೀಲ್ಡ್ ಎಂಜಿನಿಯರ್, ಅವರ ಮೇಲೆ ಕಾಮಗಾರಿಯ ವೇಳಾಪಟ್ಟಿಗೆ ತಲೆಬಾಗಬೇಕಿಲ್ಲದ ಪ್ರತ್ಯೇಕ ಕ್ಯೂಎ (ಗುಣಮಟ್ಟ ಖಾತರಿ) ವಿಭಾಗ. ಎಇಆರ್‌ಬಿ ನೋಡುವುದು ಈ ಮೂರೂ ಪದರ ಕೆಲಸ ಮಾಡುತ್ತಿವೆಯೇ ಎಂದು. ಅದಕ್ಕಾಗಿ ಕೆಲವನ್ನು ಆರಿಸಿಕೊಂಡು ಆಳಕ್ಕೆ ಇಳಿಯುತ್ತದೆ. ತಪಾಸಕರು ಆರಿಸಿದ ಹತ್ತು ಪೋರ್‌ಗಳಲ್ಲಿ ಎರಡರ ದಾಖಲೆ ಅಪೂರ್ಣವಾಗಿದ್ದರೆ, ಅವರು ಆ ಎರಡು ಪೋರ್ ಬಗ್ಗೆ ಮಾತ್ರ ಕೇಳುವುದಿಲ್ಲ. ಉಳಿದ ನೂರಾರು ಪೋರ್‌ಗಳನ್ನು ನಂಬುವುದು ಹೇಗೆ ಎಂದು ಕೇಳುತ್ತಾರೆ.

“ಎಇಆರ್‌ಬಿ ನೋಡಿ ಹೋಗಿದೆ, ಆದ್ದರಿಂದ ಸರಿಯಿದೆ” ಎಂಬ ಮಾತು ಸೈಟ್‌ನಲ್ಲಿ ಕೇಳಿಸಿದರೆ ಅದೇ ಒಂದು ಎಚ್ಚರಿಕೆ.

ಒಂದು ತಪಾಸಣೆ ಹೇಗೆ ನಡೆಯುತ್ತದೆ?

ನಿಗದಿತ ತಪಾಸಣೆಗಳು, ವಿಶೇಷ ತಪಾಸಣೆಗಳು, ಮುಂಚೆ ಹೇಳದೆ ಬರುವ ತಪಾಸಣೆಗಳು ಹೀಗೆ ಬೇರೆ ಬೇರೆ ಬಗೆ ಇವೆ. ಇವಲ್ಲದೆ ಕೆಲವು ಸೈಟ್‌ಗಳಲ್ಲಿ ಎಇಆರ್‌ಬಿಯ ವೀಕ್ಷಕರು ಅಲ್ಲೇ ಉಳಿದು ದಿನನಿತ್ಯದ ಕೆಲಸ ನೋಡುತ್ತಾರೆ. ತಂಡ ಬಂದಾಗ ಆರಂಭಿಕ ಸಭೆ, ಹಿಂದಿನ ತಪಾಸಣೆಯ ಬಾಕಿಗಳ ಪರಿಶೀಲನೆ, ಸೈಟ್ ಸುತ್ತಾಟ, ದಾಖಲೆ, ಕೆಲಸಗಾರರ ಜೊತೆ ಮಾತು, ಕೊನೆಗೆ ನಿರ್ಗಮನ ಸಭೆ. ಕಂಡ ಕೊರತೆಗಳನ್ನು ತೀವ್ರತೆಯ ಪ್ರಕಾರ ವಿಂಗಡಿಸುತ್ತಾರೆ: ಒಪ್ಪಿಗೆಯ ಷರತ್ತು ಮೀರಿದ್ದು ಮೇಲೆ, ಸುಧಾರಣೆಯ ಸಲಹೆ ಕೆಳಗೆ.

ಅನುಭವಿ ತಪಾಸಕರು ಕಡತದಿಂದ ಸೈಟ್‌ಗೆ ಹೋಗುವುದಿಲ್ಲ, ಸೈಟ್‌ನಿಂದ ಕಡತಕ್ಕೆ ಬರುತ್ತಾರೆ. ಗೋಡೆಯಲ್ಲಿ ಒಂದು ಎಂಬೆಡೆಡ್ ಪ್ಲೇಟ್ (ಕಾಂಕ್ರೀಟ್‌ನಲ್ಲಿ ಹುದುಗಿಸಿದ ಉಕ್ಕಿನ ತಗಡು) ತೋರಿಸಿ ಅದರ ಹೀಟ್ ನಂಬರ್ (ಯಾವ ಸಲ ಕರಗಿಸಿದ ಉಕ್ಕು ಎಂಬ ಗುರುತು), ಉಕ್ಕಿನ ಗಿರಣಿಯ ಪರೀಕ್ಷಾ ಪ್ರಮಾಣಪತ್ರ, ಸ್ಟಡ್ ವೆಲ್ಡ್ ಮಾಡಿದವರ ಅರ್ಹತಾ ಪತ್ರ, ಆ ಪೋರ್‌ನ ಕಾರ್ಡ್ (ಸುರಿಯುವ ಮುಂಚೆ ಸಹಿ ಹಾಕುವ ಪರಿಶೀಲನಾ ಪಟ್ಟಿ) ತರಿಸುತ್ತಾರೆ. ಅಂದದ ಕಡತದಿಂದ ಶುರು ಮಾಡಿದರೆ ಅಂದದ್ದೇ ಕಾಣುವುದು.

ಹೋಲ್ಡ್ ಪಾಯಿಂಟ್‌ಗೂ ವಿಟ್ನೆಸ್ ಪಾಯಿಂಟ್‌ಗೂ ಏನು ವ್ಯತ್ಯಾಸ?

ಹೋಲ್ಡ್ ಪಾಯಿಂಟ್ ಬಂದರೆ ಲಿಖಿತ ಬಿಡುಗಡೆ ಸಿಗುವವರೆಗೆ ಕೆಲಸ ನಿಲ್ಲಬೇಕು. ವಿಟ್ನೆಸ್ ಪಾಯಿಂಟ್‌ಗೆ ಮುಂಚಿತವಾಗಿ ನೋಟಿಸ್ ಕೊಡಬೇಕು, ಬರಬೇಕಾದವರು ಹೇಳಿದ ಹೊತ್ತಿಗೆ ಬರದಿದ್ದರೆ ಕಾರ್ಯವಿಧಾನದಲ್ಲಿ ಬರೆದ ಪ್ರಕಾರ ಮುಂದುವರಿಯಬಹುದು. ತಪ್ಪು ಆಗುವುದು ಫೋನಿನಲ್ಲಿ ಪಡೆದ “ಆಯ್ತು, ಶುರು ಮಾಡಿ” ಎಂಬ ಒಪ್ಪಿಗೆಯಲ್ಲಿ. ರಾತ್ರಿ ಪಾಳಿಯಲ್ಲಿ ಹೀಗೆ ಬಿಟ್ಟುಕೊಟ್ಟ ಹೋಲ್ಡ್ ಪಾಯಿಂಟ್‌ಗೆ ಬೆಳಿಗ್ಗೆ ಹಿಂದಿನ ಹೊತ್ತು ಹಾಕಿ ಸಹಿ ಮಾಡಿದರೆ ಅದು ಸುಳ್ಳು ದಾಖಲೆ. ಕಾಂಕ್ರೀಟ್ ಎಷ್ಟೇ ಚೆನ್ನಾಗಿದ್ದರೂ ಅದು ಹಾಗೆಯೇ.

ಪೋರ್ ಕಾರ್ಡ್‌ಗೆ ಸಹಿ ಹಾಕುವ ಮುಂಚೆ ಏನೇನು ನೋಡಬೇಕು?

ಕೈಯಲ್ಲಿರುವ ನಕ್ಷೆ ಈಗ ಜಾರಿಯಲ್ಲಿರುವ ಪರಿಷ್ಕರಣೆಯೇ ಎಂಬುದು ಮೊದಲ ಪ್ರಶ್ನೆ. ಹಳೇ ಪರಿಷ್ಕರಣೆ ಹಿಡಿದು ಸರಳು ಕಟ್ಟಿದ್ದು ಪೋರ್‌ನ ಹಿಂದಿನ ಸಂಜೆ ಗೊತ್ತಾಗುವುದು ಅಪರೂಪವೇನಲ್ಲ. ಆಮೇಲೆ ಸರಳಿನ ವ್ಯಾಸ, ಅಂತರ, ಲ್ಯಾಪ್‌ನ ಉದ್ದ, ಲ್ಯಾಪ್‌ಗಳು ಒಂದೇ ಕಡೆ ಗುಂಪಾಗಿಲ್ಲವೇ, ಸರಳು ಜೋಡಿಸುವ ಕಪ್ಲರ್ ಪೂರ್ತಿ ತಿರುಗಿದೆಯೇ. ಕವರ್‌ನಲ್ಲಿ (ಸರಳಿನ ಹೊರಗಿನ ಕಾಂಕ್ರೀಟ್ ದಪ್ಪ) ಭಾರತೀಯ ಕಾಂಕ್ರೀಟ್ ಮಾನದಂಡ ಐಎಸ್ 456 ಬಿಡುವ ವ್ಯತ್ಯಾಸ ಹೆಚ್ಚಿನ ಕಡೆಗೆ 10 ಮಿ.ಮೀ., ಕಡಿಮೆ ಕಡೆಗೆ ಸೊನ್ನೆ. ಕವರ್ ಬ್ಲಾಕ್ ಇಲ್ಲದೆ ಮುರಿದ ಜಲ್ಲಿ ಇಟ್ಟಿದ್ದರೆ ಅಲ್ಲೇ ವಾಪಸ್ ಕಳಿಸಿ.

ಶಟರಿಂಗ್‌ನ ಬಿಗಿ, ತಳದಲ್ಲಿ ಬಿದ್ದ ಬೈಂಡಿಂಗ್ ವೈರ್ ಮತ್ತು ಮರದ ಪುಡಿ, ಹಳೆ ಕಾಂಕ್ರೀಟ್‌ನ ಮೇಲ್ಮೈ ಒರಟು ಮಾಡಿದ್ದು, ಪ್ರೀಸ್ಟ್ರೆಸ್ಸಿಂಗ್ ಡಕ್ಟ್‌ನ (ಕಾಂಕ್ರೀಟನ್ನು ಬಿಗಿಯುವ ಕೇಬಲ್ ಹಾಯುವ ಕೊಳವೆ) ಕೀಲುಗಳಿಗೆ ಟೇಪ್ ಇವೆಲ್ಲ ಪಟ್ಟಿಯಲ್ಲಿ ಇದ್ದೇ ಇರುತ್ತವೆ. ಪಟ್ಟಿಯಲ್ಲಿ ಇರದಿದ್ದರೂ ಕೇಳಬೇಕಾದದ್ದು ಒಂದು: ಈ ಸರಳುಗಳ ಸಂದಿಯಲ್ಲಿ ವೈಬ್ರೇಟರ್‌ನ ಸೂಜಿ ಇಳಿಯುತ್ತದೆಯೇ? ಇಳಿಸಿ ನೋಡಿ. ಎಂಬೆಡೆಡ್ ಪ್ಲೇಟ್‌ನ ಹಿಂದೆ, ಪೈಪ್ ತೋಳಿನ ಕೆಳಗೆ, ಆಂಕರ್ ಹಿಂಬದಿಯಲ್ಲಿ ಇಳಿಯದಿದ್ದರೆ ಅಲ್ಲಿ ಟೊಳ್ಳು ಉಳಿಯುವುದು ಖಚಿತ. ಅದಕ್ಕೆ ಸಣ್ಣ ಜಲ್ಲಿಯ ಮಿಶ್ರಣವೋ, ತಾನಾಗಿ ಹರಡುವ ಕಾಂಕ್ರೀಟೋ ಬೇಕು, ಮತ್ತು ಅದಕ್ಕೆ ವಿನ್ಯಾಸ ವಿಭಾಗದ ಒಪ್ಪಿಗೆ ಬೇಕು.

ಕಾಂಕ್ರೀಟ್‌ನ ಬಲ ಪರೀಕ್ಷೆಗೆ ಎಷ್ಟು ಕ್ಯೂಬ್ ತೆಗೆಯಬೇಕು? ಫೇಲ್ ಆದರೆ?

ಐಎಸ್ 456 ಪ್ರಕಾರ 5 ಘನ ಮೀಟರ್‌ವರೆಗೆ 1 ಮಾದರಿ, 15ರವರೆಗೆ 2, 30ರವರೆಗೆ 3, 50ರವರೆಗೆ 4, ಆಮೇಲೆ ಪ್ರತಿ 50 ಘನ ಮೀಟರ್‌ಗೆ ಅಥವಾ ಅದರ ಭಾಗಕ್ಕೆ ಇನ್ನೊಂದು. ಒಂದು ಮಾದರಿಗೆ 150 ಮಿ.ಮೀ.ನ ಮೂರು ಕ್ಯೂಬ್. 230 ಘನ ಮೀಟರ್ ಪೋರ್‌ಗೆ 8 ಮಾದರಿ, 28ನೇ ದಿನದ ಪರೀಕ್ಷೆಗೆ 24 ಕ್ಯೂಬ್. 7 ದಿನದ ಕ್ಯೂಬ್‌ಗಳು ಇದಕ್ಕೆ ಹೊರತು. ಇದು ಕನಿಷ್ಠ ಮಾತ್ರ, ಯೋಜನೆಯ ಸ್ಪೆಸಿಫಿಕೇಶನ್ ಹೆಚ್ಚು ಕೇಳಿದರೆ ಅದೇ ಅಂತಿಮ. ಮೂರರಲ್ಲಿ ಯಾವುದಾದರೂ ಸರಾಸರಿಯಿಂದ 15 ಶೇಕಡಕ್ಕಿಂತ ಆಚೆ ಹೋದರೆ ಆ ಮಾದರಿಯೇ ಲೆಕ್ಕಕ್ಕಿಲ್ಲ.

ಫೇಲ್ ಆದರೆ ಎನ್‌ಸಿಆರ್ (ಗುಣಮಟ್ಟಕ್ಕೆ ಹೊಂದದ್ದರ ವರದಿ) ಬರೆಯಿರಿ, ಆ ಕಾಂಕ್ರೀಟ್ ಎಲ್ಲಿ ಹೋಯಿತೆಂದು ಟ್ರಕ್ ಸ್ಲಿಪ್‌ನಿಂದ ಗುರುತಿಸಿ. ಕೋರ್ (ಗಟ್ಟಿಯಾದ ಕಾಂಕ್ರೀಟ್‌ನಿಂದ ಕೊರೆದ ತುಂಡು) ತೆಗೆದರೆ ಅವುಗಳ ಸಮಾನ ಕ್ಯೂಬ್ ಬಲದ ಸರಾಸರಿ ಗ್ರೇಡ್‌ನ 85 ಶೇಕಡ ಇರಬೇಕು, ಯಾವುದೂ 75ಕ್ಕಿಂತ ಕೆಳಗಿರಬಾರದು. ರಿಯಾಕ್ಟರ್ ಕಟ್ಟಡದಲ್ಲಿ ಕೋರ್ ಕೊರೆಯುವುದಕ್ಕೂ ಮೊದಲೇ ಒಪ್ಪಿಗೆ ಬೇಕು: ಡಕ್ಟ್‌ಗೋ ಸರಳಿಗೋ ತಗುಲಿದರೆ ಹೊಸ ದೋಷ ನೀವೇ ಮಾಡಿದಂತೆ.

ತಪಾಸಕರಿಗೆ ಅನುಮಾನ ಹುಟ್ಟಿಸುವುದು ಫೇಲ್ ಆದ ಕ್ಯೂಬ್‌ಗಿಂತ ಹೆಚ್ಚಾಗಿ ತಿಂಗಳುಗಟ್ಟಲೆ ಒಂದೇ ತೆರನಾಗಿ ಬರುವ ಫಲಿತಾಂಶ. ನಿಜವಾದ ಕಾಂಕ್ರೀಟ್ ಏರಿಳಿಯುತ್ತದೆ.

ಕೈಗಾದ ಮಳೆಗಾಲದಲ್ಲಿ ಏನು ವ್ಯತ್ಯಾಸವಾಗುತ್ತದೆ?

ಮುಖ್ಯವಾಗಿ ಮರಳಿನ ತೇವ. ಒಂದು ಘನ ಮೀಟರ್‌ಗೆ 400 ಕೆ.ಜಿ. ಸಿಮೆಂಟ್, 160 ಲೀಟರ್ ನೀರು, 700 ಕೆ.ಜಿ. ಮರಳು ಎಂದಿಟ್ಟುಕೊಳ್ಳಿ. ನೀರು–ಸಿಮೆಂಟ್ ಅನುಪಾತ 0.40. ಮರಳಿನ ತೇವ 2 ಶೇಕಡದಿಂದ 6ಕ್ಕೆ ಏರಿದ್ದನ್ನು ಬ್ಯಾಚಿಂಗ್ ಪ್ಲಾಂಟ್‌ನವರು ಗಮನಿಸದಿದ್ದರೆ 28 ಲೀಟರ್ ಹೆಚ್ಚುವರಿ ನೀರು ಸೇರಿ ಅನುಪಾತ 0.47ಕ್ಕೆ ಹೋಗುತ್ತದೆ. ಬೆಳಿಗ್ಗೆ ಒಮ್ಮೆ ತೇವ ನೋಡಿ ಇಡೀ ದಿನಕ್ಕೆ ಅದನ್ನೇ ಬರೆಯುವ ಅಭ್ಯಾಸ ಪಶ್ಚಿಮ ಘಟ್ಟದ ಮಳೆಯಲ್ಲಿ ನಡೆಯುವುದಿಲ್ಲ. ಮರಳು, ಜಲ್ಲಿಗೆ ಚಾವಣಿ ಬೇಕು, ಪ್ಲಾಂಟ್‌ನ ತೇವಮಾಪಕವನ್ನು ಒಲೆಯಲ್ಲಿ ಒಣಗಿಸಿದ ಮಾದರಿಯ ಜೊತೆ ಆಗಾಗ ತಾಳೆ ನೋಡಬೇಕು.

ಬೇಸಿಗೆಯ ತೊಂದರೆ ಬಿಸಿ. ದಪ್ಪ ರಾಫ್ಟ್‌ನ ಒಡಲಲ್ಲಿ ಸಿಮೆಂಟಿನ ಶಾಖ ಹೊರಹೋಗದೆ ಉಳಿಯುತ್ತದೆ. ಒಳಗೂ ಮೇಲ್ಮೈಗೂ ಅಂತರ 20 ಡಿಗ್ರಿ ದಾಟಿದರೆ ಬಿರುಕಿನ ಅಪಾಯ, ಒಡಲು 70 ಡಿಗ್ರಿ ಮೀರಿದರೆ ವರ್ಷಗಳ ಮೇಲೆ ಕಾಂಕ್ರೀಟ್ ಒಳಗಿಂದ ಉಬ್ಬುವ ಅಪಾಯ. ಅದಕ್ಕೇ ತಣ್ಣೀರು, ಐಸ್ ಚೂರು, ಹಾರುಬೂದಿ ಸೇರಿಸಿದ ಮಿಶ್ರಣ, ರಾತ್ರಿ ಪೋರ್. ಐಸ್ ಹಾಕಿದಷ್ಟೇ ತೂಕದ ನೀರನ್ನು ಕಳೆಯಬೇಕು. ಮೇಲ್ಮೈಗೆ ತಣ್ಣೀರು ಹೊಯ್ಯುವುದು ತಪ್ಪು, ಹೊದಿಸಿ ನಿಧಾನ ತಣಿಸುವುದು ಸರಿ.

ಶಟರಿಂಗ್ ಬಿಚ್ಚಿದಾಗ ಜಲ್ಲಿ ಕಾಣುವ ಟೊಳ್ಳು ಕಂಡರೆ?

ಮುಟ್ಟಬೇಡಿ. ಫೋಟೊ ತೆಗೆದು, ಅಳತೆ ಬರೆದು, ಎನ್‌ಸಿಆರ್ ಹಾಕಿ. ಸಡಿಲ ಭಾಗ ಒಡೆದು ಗಟ್ಟಿ ಕಾಂಕ್ರೀಟ್ ಎಲ್ಲಿ ಸಿಗುತ್ತದೋ ಅಲ್ಲಿಯವರೆಗೆ ಹೋದ ಮೇಲಷ್ಟೇ ಆಳ ಗೊತ್ತಾಗುವುದು, ಅಲ್ಟ್ರಾಸಾನಿಕ್ ವೇಗ ಅಳೆದು ಸುತ್ತಲಿನ ಭಾಗವೂ ನೋಡಬೇಕು. ರಿಪೇರಿ ವಿಧಾನಕ್ಕೆ ಒಪ್ಪಿಗೆ ಬಂದ ಮೇಲೆ ಕೆಲಸ. ಟೊಳ್ಳು ಬಂದದ್ದು ಕ್ಷಮಿಸಬಹುದಾದ ತಪ್ಪು. ಯಾರಿಗೂ ಹೇಳದೆ ಸಿಮೆಂಟ್ ಗಾರೆ ಮೆತ್ತಿದ್ದು ಕ್ಷಮಿಸಲಾಗದ್ದು, ಏಕೆಂದರೆ ಆಮೇಲೆ ಪ್ರತಿ ಗೋಡೆಯನ್ನೂ ಅನುಮಾನದಿಂದ ನೋಡಬೇಕಾಗುತ್ತದೆ.

1994ರಲ್ಲಿ ಕೈಗಾದ ಗುಮ್ಮಟ ಬಿದ್ದದ್ದು ಕಳಪೆ ಕಾಂಕ್ರೀಟ್‌ನಿಂದಲೇ?

ಬಹಳ ಜನ ಹಾಗೆ ತಿಳಿದಿದ್ದಾರೆ. ನಡೆದದ್ದು ಇದು: 1994ರ ಮೇ 13ರಂದು, 1ನೇ ಘಟಕದ ಒಳ ಕಂಟೈನ್‌ಮೆಂಟ್ (ವಿಕಿರಣ ಹೊರಬರದಂತೆ ರಿಯಾಕ್ಟರನ್ನು ಸುತ್ತುವರಿದ ಕಟ್ಟಡ) ಗುಮ್ಮಟದಲ್ಲಿ ಪ್ರೀಸ್ಟ್ರೆಸ್ಸಿಂಗ್ ಕೇಬಲ್ ಎಳೆಯುವ ಹಂತದಲ್ಲಿ ಕಾಂಕ್ರೀಟ್ ಪದರ ಬೇರ್ಪಟ್ಟು ಸುಮಾರು 130 ಟನ್ ಕೆಳಗೆ ಬಿತ್ತು. ಕೆಲಸಗಾರರಿಗೆ ಗಾಯಗಳಾದವು. ಇಂಧನ ಇರಲಿಲ್ಲ, ವಿಕಿರಣದ ಮಾತೇ ಇಲ್ಲ.

ಮೂಲ ಕಾರಣ ವಿನ್ಯಾಸದಲ್ಲಿತ್ತು. ಬಾಗಿದ ಕೇಬಲ್ ಬಿಗಿಯಾದಾಗ ಗುಮ್ಮಟದ ಒಳಮುಖಕ್ಕೆ ಒತ್ತುತ್ತದೆ. ಒತ್ತಡಕ್ಕೆ ಸಿಕ್ಕ ಹೊರಪದರದ ಕಾಂಕ್ರೀಟ್ ಹೊರಕ್ಕೆ ಹೊರಡಲು ನೋಡುತ್ತದೆ. ಇವೆರಡರ ನಡುವೆ, ಡಕ್ಟ್‌ಗಳು ಸಾಲಾಗಿರುವ ಮಟ್ಟದಲ್ಲಿ, ಗುಮ್ಮಟದ ದಪ್ಪದ ದಿಕ್ಕಿನಲ್ಲಿ ಎಳೆತ ಹುಟ್ಟುತ್ತದೆ. ಕಾಂಕ್ರೀಟ್ ಒತ್ತಡ ತಡೆಯುತ್ತದೆ, ಎಳೆತ ತಡೆಯುವುದಿಲ್ಲ. ಅದೇ ಮಟ್ಟದಲ್ಲಿ ಡಕ್ಟ್‌ಗಳೇ ಜಾಗ ತಿಂದಿದ್ದರಿಂದ ಉಳಿದ ಕಾಂಕ್ರೀಟ್ ಕಡಿಮೆ. ಉಗಿ ಉತ್ಪಾದಕಗಳನ್ನು ಇಳಿಸಲು ಬಿಟ್ಟ ದೊಡ್ಡ ತೆರವುಗಳನ್ನು ಬಳಸಿ ಹೋಗುವ ಕೇಬಲ್‌ಗಳು ಅಲ್ಲಿ ಇನ್ನೂ ದಟ್ಟ. ಈ ಎಳೆತವನ್ನು ಹಿಡಿಯುವ ಅಡ್ಡ ಸರಳುಗಳು ಸಾಕಷ್ಟು ಇರಲಿಲ್ಲ.

ಎನ್‌ಪಿಸಿಐಎಲ್ ಮತ್ತು ಎಇಆರ್‌ಬಿ ಬೇರೆ ಬೇರೆಯಾಗಿ ತನಿಖೆ ನಡೆಸಿದವು. ಗುಮ್ಮಟದ ವಿನ್ಯಾಸ ಬದಲಾಯಿತು: ದಪ್ಪದ ದಿಕ್ಕಿನ ಸರಳುಗಳು ಬಂದವು, ಸಿಲಿಕಾ ಫ್ಯೂಮ್ ಸೇರಿದ ಎಂ-60 ಕಾಂಕ್ರೀಟ್ ಬಳಕೆಗೆ ಬಂತು. ಅದೇ ಮಾದರಿಯ ರಾಜಸ್ಥಾನದ 3 ಮತ್ತು 4ನೇ ಘಟಕಗಳ ಗುಮ್ಮಟಕ್ಕೂ ಬದಲಾವಣೆ ತಟ್ಟಿತು. ಕೈಗಾದ 2ನೇ ಘಟಕ 2000ದ ಮಾರ್ಚ್‌ನಲ್ಲಿ, 1ನೇ ಘಟಕ ಅದೇ ನವೆಂಬರ್‌ನಲ್ಲಿ ವಾಣಿಜ್ಯ ಉತ್ಪಾದನೆ ಶುರು ಮಾಡಿದವು. ಅದೇ 1ನೇ ಘಟಕ ಮುಂದೆ 962 ದಿನ ಎಡೆಬಿಡದೆ ಓಡಿ 2018ರ ಡಿಸೆಂಬರ್ 31ರಂದು ನಿಂತಿತು.

ತಪಾಸಣೆಯ ಮಟ್ಟಿಗೆ ಇದರ ಅರ್ಥ ನೇರ. ನಕ್ಷೆಯಂತೆ ಕಟ್ಟಿದ್ದಾರೆಯೇ ಎಂದು ಮಾತ್ರ ನೋಡುವವರು ಈ ದೋಷ ಹಿಡಿಯಲಾರರು. ನಕ್ಷೆಯನ್ನು ಸ್ವತಂತ್ರವಾಗಿ ಲೆಕ್ಕ ಹಾಕಿ ನೋಡಿದವರು ಯಾರು, ಅವರ ಲೆಕ್ಕದಲ್ಲಿ ದಪ್ಪದ ದಿಕ್ಕಿನ ಎಳೆತ ಇತ್ತೇ ಎಂದು ಕೇಳುವುದೂ ಕಾಮಗಾರಿ ತಪಾಸಣೆಯ ಭಾಗ. ಅಮೆರಿಕದ ಫ್ಲಾರಿಡಾದ ಕ್ರಿಸ್ಟಲ್ ರಿವರ್ 3ರಲ್ಲಿ 2009ರಲ್ಲಿ ಉಗಿ ಉತ್ಪಾದಕ ಬದಲಿಸಲು ಗೋಡೆ ಕತ್ತರಿಸುವಾಗ ಇದೇ ಬಗೆಯ ಪದರ ಬೇರ್ಪಡಿಕೆ ಆಯಿತು. ಆ ಸ್ಥಾವರ ಮತ್ತೆ ಓಡಲೇ ಇಲ್ಲ, 2013ರಲ್ಲಿ ಮುಚ್ಚುವ ತೀರ್ಮಾನವಾಯಿತು.

ಕೇಬಲ್ ಎಳೆಯುವಾಗ ಯಾವುದನ್ನು ಗಮನಿಸಬೇಕು?

ಜಾಕ್‌ನ ಮಾಪಕದ ಕ್ಯಾಲಿಬ್ರೇಶನ್ ತಾರೀಖು, ಬಲ, ಹಿಗ್ಗಿದ ಉದ್ದ. ಲೆಕ್ಕದ ಹಿಗ್ಗಿಗೂ ಅಳೆದ ಹಿಗ್ಗಿಗೂ ಸುಮಾರು 5 ಶೇಕಡಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ನಿಲ್ಲಿಸಿ. ಹಿಗ್ಗು ಕಡಿಮೆಯಾದರೆ ಡಕ್ಟ್‌ನೊಳಗೆ ಸಿಮೆಂಟ್ ಹಾಲು ಸೋರಿ ತಡೆ ಉಂಟಾಗಿರಬಹುದು, ಹೆಚ್ಚಾದರೆ ತಂತಿ ಜಾರಿರಬಹುದು ಇಲ್ಲವೇ ಹರಿದಿರಬಹುದು. ಆಮೇಲೆ ಗ್ರೌಟ್, ಅಂದರೆ ಡಕ್ಟ್‌ಗೆ ತುಂಬುವ ತೆಳು ಸಿಮೆಂಟ್ ಮಿಶ್ರಣ. ನಮ್ಮ ಭಾರಜಲ ರಿಯಾಕ್ಟರ್‌ಗಳಲ್ಲಿ ಕೇಬಲ್‌ಗಳಿಗೆ ಸಿಮೆಂಟ್ ಗ್ರೌಟ್ ತುಂಬುವುದರಿಂದ ಮತ್ತೆ ಎಳೆದು ನೋಡುವ ಅವಕಾಶವಿಲ್ಲ. ನೀರು–ಸಿಮೆಂಟ್ ಅನುಪಾತ 0.45 ಮೀರಿದರೆ ಎತ್ತರದ ತಿರುವಿನಲ್ಲಿ ನೀರು ಮೇಲೆ ಬಂದು, ಆರಿದ ಮೇಲೆ ಟೊಳ್ಳು ಉಳಿದು, ತಂತಿಗೆ ತುಕ್ಕು ಹಿಡಿಯುತ್ತದೆ. ಗಾಳಿಕಿಂಡಿಯಿಂದ ಒಳಗೆ ಹೋದಷ್ಟೇ ಗಟ್ಟಿ ಗ್ರೌಟ್ ಹೊರಬರುವವರೆಗೆ ಮುಚ್ಚಬಾರದು.

ವೆಲ್ಡಿಂಗ್‌ನಲ್ಲಿ ಹೆಚ್ಚಾಗಿ ಸಿಕ್ಕಿಬೀಳುವುದು ಎಲ್ಲಿ?

ಎಕ್ಸ್‌ರೇ ಫಿಲ್ಮ್‌ನಲ್ಲಿ ಅಲ್ಲ, ಎಲೆಕ್ಟ್ರೋಡ್ ಒಲೆಯ ಹತ್ತಿರ. 7018 ಬಗೆಯ ಕಡಿಮೆ ಹೈಡ್ರೋಜನ್ ಎಲೆಕ್ಟ್ರೋಡ್ ಡಬ್ಬಿಯಿಂದ ತೆಗೆದ ಮೇಲೆ 120 ಡಿಗ್ರಿಯ ಒಲೆಯಲ್ಲಿರಬೇಕು, ಹೊರಗೆ ನಾಲ್ಕು ಗಂಟೆ ದಾಟಬಾರದು. ಪಾಳಿ ಮುಗಿದ ಮೇಲೆ ಜೇಬಿನಲ್ಲಿ ಉಳಿದ ಎಲೆಕ್ಟ್ರೋಡ್ ಮರುದಿನ ಬಳಕೆಯಾದರೆ ತೇವದಿಂದ ಬಂದ ಹೈಡ್ರೋಜನ್ ವೆಲ್ಡ್ ತಣಿದ ಎಷ್ಟೋ ಗಂಟೆಗಳ ನಂತರ ಬಿರುಕು ತರುತ್ತದೆ. ಎರಡನೆಯದು ವೆಲ್ಡರ್‌ನ ಅರ್ಹತೆ: ಆರು ತಿಂಗಳು ಆ ವಿಧಾನದಲ್ಲಿ ವೆಲ್ಡ್ ಮಾಡದಿದ್ದರೆ ಅರ್ಹತೆ ಹೋಗುತ್ತದೆ, ಪಟ್ಟಿಯಲ್ಲಿ ಹೆಸರು ಮಾತ್ರ ಉಳಿದಿರುತ್ತದೆ. ಮೂರನೆಯದು, ಸಾದಾ ಉಕ್ಕಿಗೆ ಬಳಸಿದ ಗ್ರೈಂಡಿಂಗ್ ಚಕ್ರವನ್ನೇ ಸ್ಟೇನ್‌ಲೆಸ್ ಪೈಪ್‌ಗೆ ಹಿಡಿಯುವುದು.

ರಿಯಾಕ್ಟರ್‌ನೊಳಗಿನ ಜೋಡಣೆಯಲ್ಲಿ ಅಷ್ಟೇ ಸೂಕ್ಷ್ಮ ಯಾವುದು?

ಕೂಲಂಟ್ ಚಾನೆಲ್‌ಗಳು, ಅಂದರೆ ಇಂಧನವಿದ್ದು ಭಾರಜಲ ಹಾಯುವ ಕೊಳವೆಗಳು. 220 ಮೆಗಾವಾಟ್ ಘಟಕದಲ್ಲಿ 306, 700ರಲ್ಲಿ 392. ಪ್ರತಿಯೊಂದರಲ್ಲೂ ಒಳಗಿನ ಪ್ರೆಷರ್ ಟ್ಯೂಬ್ ಹೊರಗಿನ ಕೆಲಾಂಡ್ರಿಯಾ ಟ್ಯೂಬ್‌ಗೆ ತಾಗದಂತೆ ಗಾರ್ಟರ್ ಸ್ಪ್ರಿಂಗ್‌ಗಳು ಹಿಡಿದಿರುತ್ತವೆ. ಅವು ಜಾಗ ತಪ್ಪಿದರೆ ಬಿಸಿ ಟ್ಯೂಬ್ ತಂಪಿನದಕ್ಕೆ ತಾಗಿ, ಆ ತಣ್ಣನೆ ಚುಕ್ಕೆಯಲ್ಲಿ ಹೈಡ್ರೋಜನ್ ಸೇರಿ, ಲೋಹ ಗಾಜಿನಂತೆ ಒಡೆಯಬಲ್ಲದ್ದಾಗುತ್ತದೆ. ಕೆನಡಾದ ಪಿಕರಿಂಗ್ 2ರಲ್ಲಿ 1983ರ ಆಗಸ್ಟ್ 1ರಂದು ಟ್ಯೂಬ್ ಸೀಳಿದ್ದು ಹೀಗೆ. ಆದ್ದರಿಂದ ಸ್ಪ್ರಿಂಗ್‌ನ ಜಾಗ, ರೋಲ್ಡ್ ಜಾಯಿಂಟ್‌ನ (ಟ್ಯೂಬಿನ ತುದಿಯ ಬಿಗಿ ಕೀಲು) ಹೀಲಿಯಂ ಸೋರಿಕೆ ಪರೀಕ್ಷೆ, ಒಳಗೆ ಹೋದ ಉಪಕರಣಗಳ ಎಣಿಕೆ ಮೂರೂ ಚಾನೆಲ್ ಚಾನೆಲ್‌ಗೂ ಬರೆದಿರಬೇಕು.

ಪ್ರಮಾಣಪತ್ರ ಇದೆಯಲ್ಲ, ಮತ್ತೆ ಯಾಕೆ ಪರೀಕ್ಷೆ?

ದಕ್ಷಿಣ ಕೊರಿಯಾದಲ್ಲಿ 2012ರಲ್ಲಿ ಸಾವಿರಾರು ಬಿಡಿಭಾಗಗಳ ಗುಣಮಟ್ಟ ಪ್ರಮಾಣಪತ್ರಗಳು ನಕಲಿ ಎಂದು ಹೊರಬಂದು ಎರಡು ರಿಯಾಕ್ಟರ್ ನಿಂತವು. 2013ರಲ್ಲಿ ನಿಯಂತ್ರಣ ಕೇಬಲ್‌ಗಳ ಪರೀಕ್ಷಾ ವರದಿಯೇ ತಿದ್ದಿದ್ದು ಎಂದು ಇನ್ನಷ್ಟು ಘಟಕಗಳು ನಿಂತವು. ಪ್ರಮಾಣಪತ್ರವನ್ನು ಕೊಟ್ಟ ಪ್ರಯೋಗಾಲಯಕ್ಕೇ ಕಳಿಸಿ ಖಚಿತ ಮಾಡಿಕೊಳ್ಳುವುದು, ಕೈಯಲ್ಲಿ ಹಿಡಿಯುವ ಯಂತ್ರದಿಂದ ಮಿಶ್ರಲೋಹ ಗುರುತಿಸುವುದು ಅಗ್ಗದ ಕೆಲಸಗಳು.

ಎನ್‌ಸಿಆರ್ ಹೆಚ್ಚಾದರೆ ಸೈಟ್ ಕೆಟ್ಟದ್ದೇ?

ಬಹುಮಟ್ಟಿಗೆ ತಿರುಗುಮುರುಗು. ಸಾವಿರಾರು ಜನ ದುಡಿಯುವ ಜಾಗದಲ್ಲಿ ತಿಂಗಳಿಗೆ ಒಂದೂ ಎನ್‌ಸಿಆರ್ ಇಲ್ಲದಿದ್ದರೆ ಬರೆಯುವವರಿಗೆ ಹೆದರಿಕೆ ಇದೆ ಎಂದರ್ಥ. ನೋಡಬೇಕಾದ್ದು ಒಂದೇ ದೋಷ ಮತ್ತೆ ಮತ್ತೆ ಬರುತ್ತಿದೆಯೇ, “ಇದ್ದಂತೆಯೇ ಬಳಸಿ” ಎಂಬ ತೀರ್ಪು ಅತಿಯಾಗಿದೆಯೇ, ಅದಕ್ಕೆ ವಿನ್ಯಾಸಕರ ಲೆಕ್ಕ ಲಗತ್ತಿಸಿದ್ದಾರೆಯೇ.

ಹೊರದೇಶಗಳಲ್ಲಿ ಇಂಥವು ಆಗುವುದಿಲ್ಲವೇ?

ಆಗುತ್ತವೆ. ಫಿನ್‌ಲ್ಯಾಂಡ್‌ನ ಓಲ್ಕಿಲುವೊಟೊ 3ರ ಅಡಿ ಚಪ್ಪಡಿಯ ಕಾಂಕ್ರೀಟ್‌ನಲ್ಲಿ ನೀರಿನ ಪ್ರಮಾಣ ತಪ್ಪಿದ್ದನ್ನು ಅಲ್ಲಿನ ನಿಯಂತ್ರಕರು ತನಿಖೆ ಮಾಡಿದರು, ಸ್ಥಾವರ ಪೂರ್ಣ ಉತ್ಪಾದನೆಗೆ ಬಂದದ್ದು 2023ರಲ್ಲಿ. ಫ್ರಾನ್ಸ್‌ನ ಫ್ಲಾಮನ್‌ವಿಲ್ 3ರಲ್ಲಿ ಸರಳು ಕಟ್ಟಿದ್ದು ನಕ್ಷೆಗೆ ಹೊಂದದ ಕಾರಣ 2008ರ ಮೇನಲ್ಲಿ ಕಾಂಕ್ರೀಟ್ ಕೆಲಸ ನಿಂತಿತ್ತು. ಅಮೆರಿಕದ ಒಹಾಯೊದ ಝಿಮ್ಮರ್ ಸ್ಥಾವರ ಬಹುತೇಕ ಮುಗಿದಿದ್ದಾಗ ವೆಲ್ಡ್ ಮತ್ತು ಸಾಮಗ್ರಿಗಳ ದಾಖಲೆ ನಂಬುವಂತಿಲ್ಲ ಎಂದು 1982ರಲ್ಲಿ ಸುರಕ್ಷತೆಗೆ ಸಂಬಂಧಿಸಿದ ನಿರ್ಮಾಣ ಕೆಲಸವನ್ನು ಅಲ್ಲಿನ ನಿಯಂತ್ರಕರು ನಿಲ್ಲಿಸಿದರು. 1984ರಲ್ಲಿ ಅದನ್ನು ಕಲ್ಲಿದ್ದಲಿಗೆ ಬದಲಿಸುವ ತೀರ್ಮಾನವಾಯಿತು.

ಎಇಆರ್‌ಬಿ ಕೆಲಸ ನಿಲ್ಲಿಸಬಹುದೇ?

ಹೌದು. ಲಿಖಿತ ನಿರ್ದೇಶನ, ಕೆಲಸಕ್ಕೆ ತಡೆ, ಒಪ್ಪಿಗೆಯ ಅಮಾನತು ಮೂರೂ ಅದರ ಕೈಯಲ್ಲಿವೆ.

ಕೊನೆಗೆ ಇಡೀ ಕಟ್ಟಡವನ್ನು ಪರೀಕ್ಷಿಸುತ್ತಾರಂತೆ, ಆಗ ಎಲ್ಲ ದೋಷವೂ ಗೊತ್ತಾಗುವುದಿಲ್ಲವೇ?

ಕಂಟೈನ್‌ಮೆಂಟ್‌ಗೆ ಗಾಳಿ ತುಂಬಿ ವಿನ್ಯಾಸ ಒತ್ತಡದ 1.15 ಪಟ್ಟಿಗೆ ಏರಿಸಿ ಬಿರುಕು, ಬಾಗು ಅಳೆಯುತ್ತಾರೆ. ಬಳಿಕ ವಿನ್ಯಾಸ ಒತ್ತಡದಲ್ಲಿ ಸೋರಿಕೆ ಅಳೆಯುತ್ತಾರೆ. ಇದು ಆ ದಿನದ ಬಲವನ್ನು ತೋರಿಸುತ್ತದೆ. ಗ್ರೌಟ್ ಟೊಳ್ಳಿನಲ್ಲಿ ಇಪ್ಪತ್ತು ವರ್ಷಕ್ಕೆ ಹಿಡಿಯುವ ತುಕ್ಕನ್ನಾಗಲಿ, ಕಡಿಮೆ ಕವರ್‌ನ ಸರಳನ್ನಾಗಲಿ ತೋರಿಸುವುದಿಲ್ಲ.

ಕಾಮಗಾರಿ ಮುಗಿದ ಮೇಲೆ ದಾಖಲೆಗಳನ್ನು ಎಷ್ಟು ಕಾಲ ಇಡಬೇಕು?

ಸುರಕ್ಷತೆಗೆ ಸಂಬಂಧಿಸಿದವನ್ನು ಸ್ಥಾವರದ ಆಯುಷ್ಯವಿಡೀ. ಕಟ್ಟಿದ ಹಾಗೇ ಬರೆದ ನಕ್ಷೆ, ಪೋರ್ ಕಾರ್ಡ್, ಕ್ಯೂಬ್ ಫಲಿತಾಂಶ, ಕೇಬಲ್‌ನ ಹಿಗ್ಗಿನ ಪಟ್ಟಿ, ವೆಲ್ಡ್ ಫಿಲ್ಮ್, ಎನ್‌ಸಿಆರ್‌ಗಳು ಇದರಲ್ಲಿ ಬರುತ್ತವೆ. ಥರ್ಮಲ್ ಕಾಗದದಲ್ಲಿ ಬಂದ ಬ್ಯಾಚ್ ಸ್ಲಿಪ್ ಕೆಲವೇ ವರ್ಷಕ್ಕೆ ಬಿಳಿಯಾಗುತ್ತದೆ, ಬಂದ ವಾರವೇ ಸ್ಕ್ಯಾನ್ ಮಾಡಿ. ಎಕ್ಸ್‌ರೇ ಫಿಲ್ಮ್ ಸರಿಯಾಗಿ ತೊಳೆಯದಿದ್ದರೆ ಹಳದಿಯಾಗುತ್ತದೆ, ಕರಾವಳಿ ಸೀಮೆಯ ತೇವಕ್ಕೆ ಒಂದಕ್ಕೊಂದು ಅಂಟುತ್ತದೆ, ತೇವ ನಿಯಂತ್ರಿಸಿದ ಕೋಣೆ ಬೇಕು. ಗುತ್ತಿಗೆದಾರ ಸೈಟ್ ಬಿಡುವ ಮುಂಚೆಯೇ ಅವರ ಕಂಪ್ಯೂಟರ್‌ನಲ್ಲಿರುವ ಮೂಲ ಕಡತಗಳನ್ನು ಪಡೆದು, ಯಾವುದು ಯಾವ ಪೋರ್‌ಗೆ ಸೇರಿದ್ದೆಂಬ ಸೂಚಿಯೊಂದಿಗೆ ತೆರೆದು ನೋಡಿ, ಆಮೇಲಷ್ಟೇ ಕೊನೆಯ ಬಿಲ್ಲಿಗೆ ಸಹಿ ಹಾಕಿ.